ಅರವತ್ತಾರನೇ ಕಂತೆ

ಎರಡು ವರ್ಷದ ಹಿಂದಿನ ಯುಗಾದಿ ಊಟದಲ್ಲಿ, ಹೋಳಿಗೆಗೆ ನಾನೇ ತುಪ್ಪ ಬಡಿಸುತ್ತಿದ್ದಾಗ, ನನ್ನ ಹೆಂಡತಿಯ ತಮ್ಮ ವೇಣು ಆಡಿದ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ, ಮರೆಯುವುದೂ ಇಲ್ಲ. "ಭಾವ ಜೀವನದಲ್ಲಿ ಓದಿರೋ ದೊಡ್ಡ ಪುಸ್ತಕ ಅಂದ್ರೆ ಅವರ ಬಿಲ್ ಬುಕ್ಕು" ಅಂದ. ಎಲ್ಲರೂ ನಕ್ಕರು. ನನ್ನ ಹೆಂಡತಿ ಸುಧಾಮಣಿ ಎಲ್ಲರೂ ನಿಲ್ಲಿಸಿದ ಮೇಲೂ ನಕ್ಕಳು.

ನಾನು ಚಲುವರಾಜು. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವನು. ಕತ್ರಿಗುಪ್ಪೆಯಲ್ಲಿ ಸ್ಕೂಟರ್ ಗ್ಯಾರೇಜು ಇಟ್ಟಿದ್ದೇನೆ. ನನ್ನ ಕೋಪ ನಾಲ್ಕು ಕ್ರಾಸಿಗೂ ಗೊತ್ತು. ರಿಪೇರಿಗೆ ಬಿಟ್ಟ ಗಾಡಿ ಆಯಿತಾ ಎಂದು ಕೇಳಲು ಗಂಡಸರು ಹೆಂಡತಿಯರನ್ನು ಕಳಿಸುತ್ತಾರೆ. ಅಂಥವನು ಸುಮ್ಮನಿರುತ್ತೇನೆಯೇ? ತುಪ್ಪದ ಮಿಳ್ಳೆ ಕೆಳಗಿಟ್ಟು ಪಂಕ್ತಿಯ ನಡುವೆಯೇ ಪ್ರತಿಜ್ಞೆ ಮಾಡಿದೆ. "ಈ ಏರಿಯಾದಲ್ಲಿ ಎಲ್ಲಕ್ಕಿಂತ ದಪ್ಪ ಪುಸ್ತಕ ಯಾವ್ದೋ ಅದನ್ನ ಓದಿ ಮುಗಿಸ್ತೀನಿ. ಅಲ್ಲೀವರ್ಗೂ ಹೋಳಿಗೆ ಮುಟ್ಟಲ್ಲ."

"ಬಡಿಸ್ತಾ ಬಡಿಸ್ತಾನೇ ಆರು ತಿಂದಾಯ್ತಲ್ಲ, ಇನ್ನೇನು ಮುಟ್ತೀರ" ಅಂದಳು ಸುಧಾಮಣಿ.

ದಪ್ಪ ಪುಸ್ತಕ ಹುಡುಕಲು ದೂರ ಹೋಗಬೇಕಾಗಲಿಲ್ಲ. ನಮ್ಮ ಮನೆ ಓನರ್ ಜಯಾ ಮೇಡಂ ಮೇಲ್ಗಡೆಯೇ ಇರುತ್ತಾರೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದವರು, ಭೂಮಿಯ ಮೇಲೆ ನಾನು ಹೆದರುವ ಒಂದೇ ಒಂದು ಜೀವ. ಅವರು ಕನ್ನಡಕದ ಮೇಲಿಂದ ನೋಡಿದರೆ ಸಾಕು, ಬೆತ್ತದೇಟಿಗೆಂದು ನನ್ನ ಅಂಗೈ ತಾನಾಗಿ ಮುಂದೆ ಬರುತ್ತದೆ. ಅವರು ಕಪಾಟು ತೋರಿಸಿದರು. ಕೆಳಗಿನ ಸಾಲಿನಲ್ಲಿ ಹಾಲೋಬ್ಲಾಕ್ ಇಟ್ಟಿಗೆಯಂಥ ಒಂದು ಕಾದಂಬರಿ ಮಲಗಿತ್ತು.

"ಇದು ನಮ್ಮ ಯಜಮಾನ್ರದು. ಅಂಚಲ್ಲೆಲ್ಲ ಪೆನ್ಸಿಲಲ್ಲಿ ಗೀಚಿದಾರೆ. ಒಂದು ಹಾಳೇನೂ ಕಳೀಬಾರ್ದು" ಎಂದರು. ಆಮೇಲೆ ಏನೋ ಯೋಚಿಸಿ, "ಹೇಗಾದ್ರೂ ಮಾಡಿ ಓದಿ ಚಲುವರಾಜು" ಎಂದರು. ಯಜಮಾನರು ಸೇತುರಾಮ ಸಾರ್ ಆಗಲೇ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಸಾವಿರದ ಮುನ್ನೂರ ಹನ್ನೆರಡು ಪುಟ. ದಾರಿಯಲ್ಲಿ ತರಕಾರಿ ಅಂಗಡಿಯ ತಕ್ಕಡಿಗೆ ಹಾಕಿದೆ. ಎರಡು ಕೆಜಿ ನೂರು ಗ್ರಾಂ. "ಸಿಪ್ಪೆ ತೆಗೆದ್ರೆ ಇಳಿಯತ್ತೆ ಬಿಡಣ್ಣ" ಅಂದ ಅಂಗಡಿಯವ.

ಮೊದಲು ತೊಡೆಯ ಮೇಲಿಟ್ಟುಕೊಂಡು ಓದಿದೆ. ಹತ್ತು ಪುಟಕ್ಕೆ ಕಾಲು ಜೋಮು ಹಿಡಿದು, ಎದ್ದವನು ನೇರ ಅಕ್ಕಿ ಡಬ್ಬದ ಮೇಲೆ ಬಿದ್ದೆ. ಕೈಯಲ್ಲಿ ಹಿಡಿದು ಓದಿದೆ. ಮಣಿಕಟ್ಟು ಊದಿ ಮಾರನೇ ದಿನ ಸ್ಪ್ಯಾನರ್ ತಿರುಗಲಿಲ್ಲ. ಭಾನುವಾರ ಊಟವಾದ ಮೇಲೆ ಅಂಗಾತ ಮಲಗಿ, ಎರಡೂ ಕೈಯಲ್ಲಿ ಎತ್ತಿ ಹಿಡಿದು ಶುರು ಮಾಡಿದೆ. ನಿದ್ದೆ ಬಂದದ್ದು ಗೊತ್ತಾಗಲಿಲ್ಲ. ಪುಸ್ತಕ ಬಂದದ್ದು ಗೊತ್ತಾಯಿತು. ಕಥೆಯ ಏಳು ತಲೆಮಾರು ಒಟ್ಟಿಗೆ ಮೂಗಿನ ಮೇಲೆ ಇಳಿದವು.

ಗ್ಯಾರೇಜಿಗೆ ಬಂದವರೆಲ್ಲ "ಯಾರು ಹೊಡೆದಿದ್ದಣ್ಣ?" ಎಂದು ಕೇಳುವವರೇ. ಕಾದಂಬರಿ ಹೊಡೆಯಿತು ಎಂದು ಹೇಳುವುದು ಹೇಗೆ? "ಅವನಿಗಿನ್ನೂ ಜಾಸ್ತಿ ಬಿದ್ದಿದೆ" ಎಂದು ಮಾನ ಉಳಿಸಿಕೊಂಡೆ.

ಆಗ ನನ್ನ ಕಸುಬು ನೆನಪಾಯಿತು. ಎತ್ತಲಾಗದ ಇಂಜಿನನ್ನು ನಾವೇನು ಮಾಡುತ್ತೇವೆ? ಬಿಚ್ಚುತ್ತೇವೆ.

ರಟ್ಟು ತೆಗೆದೆ, ಅಂಟು ಕೆರೆದೆ, ದಾರ ಕತ್ತರಿಸಿದೆ. ಹದಿನಾರು ಹದಿನಾರು ಪುಟದ ಎಂಬತ್ತೆರಡು ಕಂತೆ ಅಚ್ಚುಕಟ್ಟಾಗಿ ಬಿಟ್ಟುಕೊಂಡವು. ಒಂದೊಂದಕ್ಕೂ ನಂಬರ್ ಬರೆದೆ. ಸುಧಾಮಣಿ ನೋಡಿ ಎದೆಯ ಮೇಲೆ ಕೈ ಇಟ್ಟುಕೊಂಡಳು.

"ಸತ್ತೋರ ಪುಸ್ತಕ ಕಣ್ರೀ ಅದು."

"ನಾನು ಬಿಚ್ಚಿದ ಗಾಡಿ ಜೋಡಿಸದೆ ಬಿಟ್ಟಿದೀನೇನೇ?"

"ಜೋಡಿಸಿದ ಮೇಲೆ ಪ್ರತಿ ಸಲ ಒಂದು ನಟ್ಟು ಮಿಗುತ್ತಲ್ಲ, ಅದಕ್ಕೇನಂತೀರ?"

"ಮಿಗಬಹುದು. ಕಮ್ಮಿ ಬಿದ್ದಿಲ್ಲ."

ದಿನಕ್ಕೊಂದು ಕಂತೆ ಜೇಬಿನಲ್ಲಿಟ್ಟುಕೊಂಡು ಹೋಗಿ ಟೀ ಕುಡಿಯುತ್ತಾ ಓದಿದೆ. ಏನು ಹೇಳಲಿ, ಕಥೆ ಎಳೆದುಕೊಂಡು ಹೋಯಿತು. ಸೇತುರಾಮ ಸಾರ್ ಪೆನ್ಸಿಲಿನಲ್ಲಿ ಗೀಚಿದ್ದು ಅದಕ್ಕಿಂತ ಚೆನ್ನಾಗಿತ್ತು. ಹೀಗೆ ಅರವತ್ತಾರನೇ ಕಂತೆಗೆ ಬಂದೆ. ಅದರಲ್ಲಿ ಒಬ್ಬ ಅಣ್ಣ, ಗಂಡ ಸತ್ತ ತಂಗಿಗೆ ಪಾಯಸ ಬಡಿಸುತ್ತಾ ಬಡಿಸುತ್ತಾ ಅವಳ ಹೊಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾನೆ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ನನ್ನ ರಕ್ತ ಕುದಿಯಿತು. "ಥೂ ಕಳ್ ನನ್ಮಗನೆ" ಎಂದು ಕಂತೆಯನ್ನು ಬೀಸಿ ಎಸೆದೆ.

ಅವನಿಗೆ ತಾಗಲಿಲ್ಲ. ಕಂತೆ ಹೋಗಿ ವೇಸ್ಟ್ ಆಯಿಲ್ ಟಬ್ಬಿಗೆ ಬಿತ್ತು.

ಎತ್ತಿದಾಗ ಕರಿ ದೋಸೆಯಂತೆ ಜೋತಾಡುತ್ತಿತ್ತು. ಒರೆಸಿದೆ, ಅಕ್ಷರ ಬಟ್ಟೆಗೆ ಬಂತು. ಬಿಸಿಲಿಗೆ ಹಾಕಿದೆ, ಹಾಳೆಗಳು ಒಂದಕ್ಕೊಂದು ಅಂಟಿಕೊಂಡವು. ಅವೆನ್ಯೂ ರೋಡಿನ ಹಳೇ ಪುಸ್ತಕದ ಅಂಗಡಿಗಳನ್ನೆಲ್ಲ ಸುತ್ತಿದೆ. "ಅದು ಅಚ್ಚಲ್ಲಿಲ್ಲ ಅಂಕಲ್" ಎಂದರು. ಅಂದಿನಿಂದ ಮೇಲಿನ ಮನೆಯಲ್ಲಿ ಕುರ್ಚಿ ಎಳೆದ ಸದ್ದಾದರೂ ಚಪ್ಪಲಿ ಮೆಟ್ಟಿಕೊಂಡು ಗ್ಯಾರೇಜಿಗೆ ಓಡುತ್ತಿದ್ದೆ. ಉಳಿದ ಹದಿನಾರು ಕಂತೆಗಳನ್ನು, ನೀವು ನಂಬುವುದಿಲ್ಲ, ಗ್ಲೌಸ್ ಹಾಕಿಕೊಂಡು ಓದಿದೆ.

ಮುಗಿಸಿದ ಮಾರನೇ ದಿನವೇ ಬಾಲ್ಕನಿಯಿಂದ ದನಿ ಬಂತು. "ಚಲುವರಾಜು, ನಾಡಿದ್ದು ಯಜಮಾನ್ರ ತಿಥಿ. ಫೋಟೋ ಮುಂದೆ ಆ ಪುಸ್ತಕ ಇಡ್ಬೇಕು."

ಎರಡು ದಿನ ಗ್ಯಾರೇಜಿಗೆ ಬಂದವರನ್ನೆಲ್ಲ ಬೈದು ಅಟ್ಟಿದೆ. ಎಂಬತ್ತೊಂದು ಕಂತೆ ಒಂದರ ಮೇಲೊಂದಿಟ್ಟು, ಬೆನ್ನಿಗೆ ಇಂಜಿನ್ನಿನ ಗ್ಯಾಸ್ಕೆಟ್ ಪೇಸ್ಟ್ ಬಳಿದು, ಕಬ್ಬಿಣ ಕಚ್ಚಿ ಹಿಡಿಯುವ ವೈಸಿನಲ್ಲಿ ಬಿಗಿದು, ರಟ್ಟು ಅಂಟಿಸಿದೆ. ಲಾರಿ ಹತ್ತಿದರೂ ಬಿಡದ ಹಾಗೆ ಕೂತಿತು. ಅಷ್ಟು ದಪ್ಪದಲ್ಲಿ ಹದಿನಾರು ಪುಟ ಕಮ್ಮಿಯಾದದ್ದು ಯಾರಿಗೂ ಕಾಣದು. ಆದರೂ ಮೆಟ್ಟಿಲು ಹತ್ತುವಾಗ ಮೂರು ಸಲ ನಿಂತು ಅದರ ಬೆನ್ನು ಒತ್ತಿ ನೋಡಿದೆ.

ಮೇಡಂ ಪುಸ್ತಕಕ್ಕೆ ಕೈ ಚಾಚಿದರು. ಎತ್ತಲು ನೋಡಿದರು. ಆಗಲಿಲ್ಲ. ಸಂಧಿವಾತದ ಬೆರಳುಗಳು ಅರ್ಧಕ್ಕೇ ಮಡಚಿಕೊಂಡವು. ಪುಸ್ತಕದ ಬೆನ್ನಿನ ಮೇಲೆ ಕೈಯಾಡಿಸಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನನ್ನ ಅಂಗೈ ಮುಂದೆ ಬಂತು.

"ಏನ್ರೀ ಇದು, ಇನ್ನೂ ಗಟ್ಟಿ ಮಾಡಿ ತಂದಿದೀರಲ್ಲ?"

"ಮೇಡಂ?"

"ಅವರಿದ್ದಾಗ ಅವರು ಹಿಡ್ಕೊಳೋರು, ನಾನು ಓದ್ತಿದ್ದೆ. ಅವರು ಹೋಗೋ ಹೊತ್ತಿಗೆ ಅರವತ್ತು ಪುಟ ಆಗಿತ್ತು. ಈಗ ನನ್ನ ಕೈಲಿ ಎತ್ತೋಕಾಗಲ್ಲ. ನೀವು ಮೆಕ್ಯಾನಿಕ್ಕು, ಒಂದು ವಾರದಲ್ಲಿ ಇದನ್ನ ಬಿಚ್ಚಿ ಹಾಕ್ತೀರ, ಆಮೇಲೆ ತುಂಡು ತುಂಡಾಗಿ ನಾನೂ ಓದ್ಬಹುದು ಅಂತಲೇ ನಿಮಗೆ ಕೊಟ್ಟಿದ್ದು."

ತಿಥಿ ಮುಗಿದ ಮೇಲೆ ಅದೇ ಪುಸ್ತಕವನ್ನು ಅದೇ ವೈಸಿಗೆ ಹಾಕಿ, ನನ್ನದೇ ಪೇಸ್ಟನ್ನು ನಾನೇ ಶಪಿಸುತ್ತಾ ಮತ್ತೆ ಬಿಚ್ಚಿದೆ. ದಿನಕ್ಕೊಂದು ಕಂತೆ ಮೇಲಕ್ಕೆ ಕೊಡುತ್ತಾ ಬಂದೆ. ಅವರು ಪೆನ್ಸಿಲಿನ ಸಾಲುಗಳನ್ನು ಬಾಲ್ಕನಿಯಿಂದ ಸುಧಾಮಣಿಗೆ ಓದಿ ಹೇಳಿ ನಗುತ್ತಿದ್ದರು. ಅವರು ನಲವತ್ತಕ್ಕೆ ಬಂದಾಗ ನನಗೆ ಊಟ ಸೇರುತ್ತಿರಲಿಲ್ಲ. ಅರವತ್ತಕ್ಕೆ ಬಂದಾಗ ಬನಶಂಕರಿ ಅಮ್ಮನಿಗೆ ನಿಂಬೆಹಣ್ಣಿನ ದೀಪ ಹಚ್ಚಿದೆ.

ಆ ಬೆಳಿಗ್ಗೆ ಅರವತ್ತೇಳನ್ನು ಕೊಟ್ಟು ಓಡಲು ತಿರುಗಿದೆ.

"ಅರವತ್ತಾರು ಎಲ್ಲಿ?"

ನಿಜ ಹೇಳಬೇಕೆಂದೇ ಬಾಯಿ ತೆರೆದೆ. ಇಪ್ಪತ್ತೈದು ವರ್ಷ ಗ್ಯಾರೇಜು ನಡೆಸಿದ ಬಾಯಿ ತಾನೇ ಮಾತಾಡಿತು. "ಆ ಪಾರ್ಟ್ ಸ್ಟಾಕಿಲ್ಲ ಮೇಡಂ. ಆರ್ಡರ್ ಹಾಕಿದೀನಿ. ನಾಳೆ ಬಂದ್ಬಿಡುತ್ತೆ."

ಮೇಡಂ ಅರವತ್ತೇಳನ್ನು ವಾಪಸ್ ಕೊಟ್ಟರು. "ಹಾಗಾದ್ರೆ ಕಾಯ್ತೀನಿ. ಅವರು ಬರೆದದ್ದು ಒಂದೂ ಬಿಟ್ಟು ಮುಂದೆ ಹೋಗಲ್ಲ."

ಇದಾಗಿ ಒಂದು ವರ್ಷ ದಾಟಿತು. ದಿನಾ ಬೆಳಿಗ್ಗೆ ಗ್ಯಾರೇಜಿಗೆ ಹೊರಟಾಗ ಬಾಲ್ಕನಿಯಿಂದ "ಬಂತಾ ಚಲುವರಾಜು?" ಎನ್ನುತ್ತಾರೆ. "ನಾಳೆ ಮೇಡಂ" ಎಂದು ನಾನು ಹೆಲ್ಮೆಟ್ಟಿನೊಳಗೆ ತಲೆ ಬಚ್ಚಿಡುತ್ತೇನೆ. "ಕಸ್ಟಮರ್‌ಗಳ ಶಾಪ ಕಣ್ರೀ" ಎನ್ನುತ್ತಾಳೆ ಸುಧಾಮಣಿ.

ಅವಳಿಗೂ ಹೇಳದ ಒಂದು ಸಂಗತಿ ಇದೆ. ಆ ಕಂತೆಯ ಮೊದಲ ಪುಟದ ನೆತ್ತಿಯಲ್ಲಿ ಸೇತುರಾಮ ಸಾರ್ ಪೆನ್ಸಿಲಿನಲ್ಲಿ ಬರೆದಿದ್ದರು: "ಜಯಾ, ಇಲ್ಲೀವರೆಗೂ ಬಂದ್ಯಾ? ನಾನಂತೂ ನಂಬಲ್ಲ."

ಬಂದಿದ್ದಾರೆ ಸಾರ್. ಬಂದು ಒಂದು ವರ್ಷದಿಂದ ಬಾಗಿಲಲ್ಲೇ ನಿಂತಿದ್ದಾರೆ. ನಾಳೆ ಹೇಳಿಬಿಡುತ್ತೇನೆ.