ಗುಟ್ಟಿನ ಕಚೇರಿಯ ಕೆಲಸ, ಊರೋರ ಸಾಕ್ಷಿ

ಬನ್ರವ್ವ, ಕಾಲು ಚಾಚ್ಕೊಂಡು ಕೂತ್ಕೊಳ್ಳಿ. ಎಲೆ ಅಡಿಕೆ ತಟ್ಟೆ ಇಲ್ಲೇ ಅದೆ. ಒಬ್ರಿಗೆ ಒಳ್ಳೇದು ಮಾಡೋಕೆ ಹೋಗಿ ಊರೆಲ್ಲ ಸೇರಿ ಎಡವಟ್ಟು ಮಾಡೋದು ನಮ್ಮ ಹುಣಸೂರು ಕಡೆ ಹೊಸದಲ್ಲ. ನನ್ನ ಮಗಳ ಮಗಳಿಗೂ ಅಂಗೇ ಆಯ್ತು.

೧. ಬೈಕು ಒಬ್ಬಂದು, ಸಾಲ ಒಬ್ಬಳ್ದು

ನನ್ನ ಮೊಮ್ಮಗಳು ಪರೀಕ್ಷೆ ಪಾಸು ಮಾಡಿ, ಸೈನ್ಯದ ಗುಟ್ಟಿನ ಕಾಗದಪತ್ರ ಇಡೋ ಕಚೇರಿಗೆ ಆಯ್ಕೆ ಆದ್ಲು. ಸೇರಿಸ್ಕೊಳೋ ಮುಂಚೆ ಮನುಷ್ಯರು ನಂಬಿಕಸ್ತರಾ ಅಂತ ವಿಚಾರಿಸ್ತಾರಂತೆ. ತೀರಿಸದ ಸಾಲ ಇದ್ರಂತೂ ಕೆದಕಿ ಕೇಳ್ತಾರಂತೆ. ಸಾಲದಲ್ಲಿ ಸಿಕ್ಕಿಬಿದ್ದೋರಿಗೆ ಯಾರಾದ್ರೂ ದುಡ್ಡಿನ ಆಸೆ ತೋರಿಸಿ ಗುಟ್ಟು ಕಿತ್ಕೋಬೋದು ನೋಡಿ.

ಇವಳ ಹೆಸರಲ್ಲಿ ಒಂದು ಬೈಕಿನ ಸಾಲ ಇತ್ತು. ಬೈಕು ಓಡಿಸೋನು ಇವಳ ಸೋದರಮಾವ, ಅಂದ್ರೆ ನನ್ನ ಮಗರಾಯ. ಕಂತು ಕಟ್ಟೋದ ಬುಟ್ಟು ಮೀಸೆ ತಿರುವ್ಕೊಂಡು ಓಡಾಡ್ತಿದ್ದ.

"ಕಟ್ತೀನಿ ಬುಡವ್ವ, ಗಾಡಿ ಎಲ್ಲಿಗೋದದು?" ಅಂದ.

"ಗಾಡಿ ಇಲ್ಲೇ ಇರ್ತದೆ ಮಾವ, ನನ್ ಕೆಲ್ಸ ಓಯ್ತದೆ."

ನಾನು, "ಸಾಲದ ಮಾತೇ ಎತ್ಬ್ಯಾಡ ಕಣೆ" ಅಂದೆ.

"ಸಾಲ ಇದ್ರೆ ಕೇಳ್ತಾರೆ ಅಜ್ಜಿ, ಮುಚ್ಚಿಟ್ರೆ ಓಡಿಸ್ತಾರೆ" ಅಂದ್ಲು. ಬ್ಯಾಂಕಿಗೆ ಹೋಗಿ ಮಾತಾಡಿ, ಟ್ಯೂಷನ್ ದುಡ್ಡಲ್ಲಿ ತಾನೇ ಕಂತು ಕಟ್ಟೋಕೆ ಶುರುಮಾಡಿದ್ಲು. ಸಾಲದ ವಿಚಾರ ಇದ್ದಂಗೇ ಬರೆದುಕೊಟ್ಲು. ಎಂಥ ಗಟ್ಟಿಗಿತ್ತಿ ಅಂತೀರಾ! ಬೈಕಿನ ಕೀನೂ ಮಾವನಿಂದ ಕಸ್ಕೊಂಡ್ಲು. ಅವತ್ತಿಂದ ನನ್ನ ಮಗ ಮೀಸೆ ತಿರುವ್ಕೊಂಡೇ ಬಸ್ಸಿಗೆ ಕಾಯ್ತಿದ್ದ.

೨. ಅಂಥ ಹುಡುಗಿ ಇಲ್ಲಿಲ್ಲ

ಒಂದಿನ ಇವಳ ಬಗ್ಗೆ ವಿಚಾರಿಸೋಕೆ ಆಫೀಸರು ಊರಿಗೇ ಬಂದ್ರು. ಇಸ್ತ್ರಿ ಶರಟು, ಹೆಗಲಿಗೊಂದು ಬ್ಯಾಗು. ನಮ್ಮೂರಿಗೆ ಆ ವೇಷದಲ್ಲಿ ಬರೋರು ಸಾಲ ವಸೂಲಿಯೋರೇ. ಇವಳ ಹೆಸರು ಹೇಳಿ ಸಾಲ ಅಂದಿದ್ದೇ ತಡ, ಟೀ ಅಂಗಡಿಯೋನು, "ಅಂಥ ಹುಡ್ಗಿ ಈ ಊರಲ್ಲೇ ಇಲ್ಲ ಕಣ್ರೀ" ಅಂದ. ನಮ್ಮ ಎದುರುಮನೆಯೋಳು, "ಇದ್ಲು ಸ್ವಾಮಿ, ಮದ್ವೆಯಾಗಿ ದುಬೈಗೆ ಒಂಟೋದ್ಲು" ಅಂದ್ಲು.

ಅಷ್ಟರಲ್ಲಿ ಮೊಮ್ಮಗಳು ಹಾಲಿನ ಕ್ಯಾನು ಹಿಡ್ಕೊಂಡು ಡೈರಿಯಿಂದ ಬಂದ್ಲು. ನಾನು ಜಗಲಿ ಮೇಲಿಂದ ನೋಡ್ತಿದ್ದೆ. ಊರೆಲ್ಲ ಸುಳ್ಳು ಹೇಳಿದ್ಮೇಲೆ ಇವಳೊಬ್ಬಳ ಮಾತು ಯಾರು ನಂಬ್ತಾರೆ?

"ನಾನೇ ಸಾರ್ ಅದು. ನಿಮ್ಮನ್ನ ವಸೂಲಿಯೋರು ಅಂದ್ಕೊಂಡು ನನ್ನ ಕಾಪಾಡ್ತವ್ರೆ. ಸಾಲ ಇರೋದೂ ನಿಜ, ಕಟ್ತಿರೋದೂ ನಿಜ."

ಆಫೀಸರು ಕ್ಯಾನು ನೋಡಿ, "ದುಬೈಯಲ್ಲೂ ಡೈರಿ ಇದೆಯೇನಮ್ಮ?" ಅಂದ್ರು.

೩. ತಾಮ್ರದ ಹಂಡೆ

ಆಮೇಲೆ ನಮ್ಮ ಜಗಲಿ ಮೇಲೆ ಕೂತು ನನ್ನನ್ನೇ ಕೇಳಿದ್ರು. "ಅಜ್ಜಿ, ಮನೇಲಿ ಬೇರೆ ಸಾಲ ಏನಾದ್ರೂ?"

ಅವಳು ಅಷ್ಟು ನಿಜ ಹೇಳಿರುವಾಗ ನಾನು ಮುಚ್ಚಿಡಲಾ? "ಅದೆ ಸ್ವಾಮಿ. ಇವಳವ್ವನ ಮದ್ವೆಲಿ ನೆಂಟರು ಮಾಡಿದ್ ಮುಯ್ಯಿ ಇನ್ನೂ ತೀರಿಲ್ಲ. ಅವ್ರ ಮನೆ ಮದ್ವೆಗೆ ನಾವು ತಿರುಗಿ ಕೊಡ್ಬೇಕಲ್ಲ. ಪಿರಿಯಾಪಟ್ಟಣದ ಬೀಗರಿಗೆ ಸೀರೆ, ಸರಗೂರು ನಾದಿನಿಗೆ ತಾಮ್ರದ ಹಂಡೆ, ಕೆ.ಆರ್. ನಗರದೋರಿಗೆ ಅಕ್ಕಿ ಮೂಟೆ..."

ಬರೀತಿದ್ದ ಪೆನ್ನು ನಿಂತೋಯ್ತು. "ಅಜ್ಜಿ, ಇದು ಸಾಲ ಅಲ್ಲ."

"ಅಲ್ವಾ? ಬ್ಯಾಂಕಿನೋರು ಮರೆತ್ರೂ ಬೀಗಿತ್ತೀರು ಮರೀತಾರಾ ಸ್ವಾಮಿ!"

ಅವರು ಬಿದ್ದು ಬಿದ್ದು ನಕ್ರು. "ಹಂಡೇನೂ ಮುಚ್ಚಿಡದ ಮನೆ ಇದು" ಅಂತ ಎದ್ದು ಹೋದ್ರು.

ಆಮೇಲೆ ಏನಾಯ್ತು ಅಂದ್ರಾ? ನನ್ನ ಮಗ ತಂಬಾಕು ಮಾರಿ ಇವಳ ದುಡ್ಡೆಲ್ಲ ವಾಪಸ್ ಕೊಟ್ಟ. ಟೀ ಅಂಗಡಿಯೋನು ಈಗ ಹೊಸಬರಿಗೆ ಮೊದಲು ಟೀ ಕೊಟ್ಟು, ಆಮೇಲೆ ಸುಳ್ಳು ಹೇಳ್ತಾನೆ. ಎದುರುಮನೆಯೋಳು ತನ್ನ ಮಗಳನ್ನೂ ಅದೇ ಪರೀಕ್ಷೆಗೆ ಕೂರಿಸವಳೆ. ಮೊಮ್ಮಗಳಿಗೆ ಕೆಲಸ ಸಿಕ್ತು. ರಜಕ್ಕೆ ಬಂದಾಗ, "ಅಲ್ಲೇನವ್ವ ಮಾಡ್ತೀಯ?" ಅಂದ್ರೆ, "ಹೇಳಂಗಿಲ್ಲ ಅಜ್ಜಿ" ಅಂತಾಳೆ. ನಮ್ಮ ವಂಶದ ಹೆಣ್ಮಕ್ಕಳಲ್ಲಿ ಬಾಯಿ ಮುಚ್ಕೊಂಡಿರೋದಕ್ಕೆ ಸಂಬಳ ತಗೊಳ್ಳೋಳು ಇವಳೊಬ್ಳೇ ಕಣ್ರವ್ವ!