ಕೋಟೆಗೆ ಬಂದವರು ಏನಾದರೂ ಬಿಡಬೇಕು

ಗೋವಾದ ಮ್ಹಾಪಸಾದಲ್ಲಿ ನಮ್ಮಪ್ಪನದು ಪಾತ್ರೆ ಅಂಗಡಿ. ಊರ ಕಡೆಯಿಂದ ಯಾರೇ ಬರಲಿ, ಸಮುದ್ರದ ದಂಡೆಯ ಹಳೇ ಕೋಟೆ ತೋರಿಸುವ ಕೆಲಸ ನನ್ನದು. ಸಾಲಿಯಲ್ಲಿ ಒಂಬತ್ತನೇತ್ತೆ ಫೇಲಾಗಿ ಮನೆಯಲ್ಲಿ ಕೂತವನಿಗೆ ಮತ್ತೇನು ಕೆಲಸ? ಧಾರವಾಡದ ಮಾಸ್ತರ ಮಾವ, "ಅವನ್ನ ನನ್ನ ಕಡೆ ಕಳಿಸ್ರಿ, ಓದಸ್ತೀನಿ" ಅಂತ ಹೇಳಿ ಕಳಿಸುತ್ತಲೇ ಇದ್ದ. ನಾನು ತಪ್ಪಿಸಿಕೊಳ್ಳುತ್ತಲೇ ಇದ್ದೆ. ಕೋಟೆಯಲ್ಲಿ ದೇವರಿಲ್ಲ. ಆದರೂ ನಮ್ಮ ಮಂದಿ ಅದನ್ನು ಯಾತ್ರೆ ಮಾಡದೆ ಬಿಡುವುದಿಲ್ಲ. ಪ್ರತಿಸಲ ಏನಾದರೊಂದು ಆಗೇ ಆಗುತ್ತದೆ.

ಚಪ್ಪಲಿ

ದೊಡ್ಡವ್ವ ಕೋಟೆ ಬಾಗಿಲಲ್ಲೇ ಚಪ್ಪಲಿ ಬಿಚ್ಚಿದಳು.

"ದೊಡ್ಡವ್ವಾ, ಇದು ಗುಡಿ ಅಲ್ಲ."

"ಘಾಟಿನ ತುಂಬ ವಾಂತಿ ಮಾಡ್ಕೋತ ಬಂದೇನಿ. ಈಗ ಗುಡಿ ಅಲ್ಲ ಅಂದ್ರ ಹೆಂಗಲೇ?"

ಕಾದ ಕೆಂಪು ಕಲ್ಲಿನ ಮೇಲೆ ಕುಣಿಯುತ್ತಲೇ ಪ್ರದಕ್ಷಿಣೆ ಹೊರಟಳು. ಹಿಂದೆ ಬಂದ ಹುಬ್ಬಳ್ಳಿ ಬಸ್ಸಿನ ಮಂದಿ ಅವಳನ್ನು ನೋಡಿ ತಾವೂ ಬಿಚ್ಚಿದರು. ನಾವು ತಿರುಗಿ ಬರುವಷ್ಟರಲ್ಲಿ ಖಾಕಿ ಹಾಕಿದ ಕಾವಲುಗಾರನೂ ಬೂಟು ಬಿಚ್ಚಿ ಕೈಕಟ್ಟಿ ನಿಂತಿದ್ದ.

ಹಾಗಲಕಾಯಿ

ಬಾಜೂ ಅಂಗಡಿಯ ಸಾವಕಾರ ಹೆಂಡತಿ ಜೊತೆ ಬಂದಿದ್ದ. ಎಲ್ಲ ನೋಡಿಯಾದ ಮೇಲೆ, "ಇನ್ನ ಇಲ್ಲೆ ಮಾಡೂದೇನಪಾ?" ಅಂದ.

"ಕಾಶಿಗೆ ಹೋದವ್ರು ಪ್ರೀತಿದ್ದೇನರ ಬಿಟ್ಟು ಬರ್ತಾರಲ್ರಿ, ಇಲ್ಲೂ ಹಂಗಽ," ಅಂತ ಒಂದು ಬಿಟ್ಟೆ.

ಸಾವಕಾರ ಕಣ್ಣು ಮುಚ್ಚಿದ. "ಹಾಗಲಕಾಯಿ ಬಿಟ್ಟೆ."

"ಅದನ್ನ ನೀವು ತಿಂದದ್ದರ ಯಾವಾಗ?" ಅನ್ನುತ್ತ ಹೆಂಡತಿ ತಾನೂ ಕೈಮುಗಿದಳು. "ನಾ ಮುಂಜಾನಿ ಚಹಾ ಬಿಟ್ಟೆ."

"ಚಹಾ ಕುಡೀದ ಹೆಂಗ ಇರ್ತೀಯೇ?"

"ಕುಡಿಯೂದಲ್ರೀ. ಮಾಡೂದು."

ಬಜಾರಿನ ತುಂಬ ಸುದ್ದಿಯಾಯಿತು. ನನ್ನ ಸುಳ್ಳು ಪದ್ಧತಿಯಾಗಿ ಕೂತುಬಿಟ್ಟಿತು.

ಮಾವ

ಕಡೆಗೆ ಮಾವ ತಾನೇ ಬಂದ, ನನ್ನನ್ನು ಕರೆದೊಯ್ಯಲಿಕ್ಕೆ. ಅಪ್ಪನೂ ಸೇರಿ ಮೂವರೂ ಕೋಟೆಗೆ ಹೋದೆವು. ಇದೇ ಸಮಯ ಅಂತ ನಾನು ಸಮುದ್ರಕ್ಕೆ ಕೈಮುಗಿದು ಜೋರಾಗಿ ಕೂಗಿದೆ: "ನಾ ಸಾಲಿ ಬಿಟ್ಟೆ!"

ಮಾವ ದೈವಭಕ್ತ, ಈ ಪದ್ಧತಿಯ ಸುದ್ದಿ ಬಜಾರಿನಲ್ಲೇ ಕೇಳಿದ್ದ. ಅವನ ಮುಖ ಸಪ್ಪಗಾಯಿತು. "ಹಿಂಗ ಬಿಟ್ಟದ್ದನ್ನ ಮತ್ತ ಹಿಡೀಬಾರದು," ಅಂದ. ಗೆದ್ದೆ ಅಂದುಕೊಂಡೆ.

ಅಪ್ಪ ಸಾವಕಾಶ ಚಪ್ಪಲಿ ಬಿಚ್ಚಿದ. "ಇಲ್ಲೆ ಪ್ರೀತಿದ್ದನ್ನ ಬಿಡಬೇಕು, ಹೌದಿಲ್ಲೋ?"

"ಹೌದಪ್ಪಾ."

"ಸಾಲಿ ನಿನಗ ಯಾವಾಗ ಪ್ರೀತಿ ಇತ್ತಲೇ? ಅದು ನಡಿಯಂಗಿಲ್ಲ." ಆಮೇಲೆ ಕಣ್ಣು ಮುಚ್ಚಿ, ನನ್ನ ಹೆಗಲ ಮೇಲೆ ಕೈಯಿಟ್ಟು, ಮಾವನಿಗೆ ಹೇಳಿದ: "ನಾ ನನ್ನ ಮಗನ್ನ ಬಿಟ್ಟೇನ್ರಿ. ಕರಕೊಂಡು ಹೋಗ್ರಿ."

ಅಪ್ಪನಿಗೆ ನಾನಂದರೆ ಇಷ್ಟು ಪ್ರೀತಿ ಅಂತ ನನಗೆ ಅವತ್ತೇ ಗೊತ್ತಾದದ್ದು. ಧಾರವಾಡದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ನೆನೆಸುತ್ತ ಕೂತಿದ್ದೆ, ತೊಡೆಯ ಮೇಲೆ ಒಂಬತ್ತನೇತ್ತೆಯ ಗಣಿತ ಇಟ್ಟುಕೊಂಡು.