ಒಂದು ದಿನವೂ ತಪ್ಪದ ಹಾಜರಿ

ನಾನೊಬ್ಬ ಮಾಲೀಕ ಎಂಬ ಸಂಗತಿ ನನಗೆ ಮೊದಲು ತಿಳಿದದ್ದು ಸರ್ಕಾರದ ಕಾಗದದಿಂದ. ಅದಕ್ಕೆ ಮುಂಚೆ, ಶಿವಮೊಗ್ಗದ ಹೊಸಮನೆಯಲ್ಲಿ ನನ್ನದೊಂದು ಸಣ್ಣ ಅಚ್ಚುಕೂಟವಿದೆ, ಅಲ್ಲಿ ಆರು ಜನ ಕೆಲಸ ಮಾಡುತ್ತಾರೆ, ಅವರ ಕಾಫಿಗೆ ನಮ್ಮ ಮನೆಯ ಹಾಲು ಖರ್ಚಾಗುತ್ತದೆ ಎಂದಷ್ಟೇ ಗೊತ್ತಿತ್ತು. ಅಚ್ಚುಮೊಳೆ ಜೋಡಿಸುವ ರುದ್ರಪ್ಪ ನನಗಿಂತ ಹತ್ತು ವರ್ಷ ಹಿರಿಯ. ಅವನು ನನ್ನನ್ನು ಗದರಿಸುವುದನ್ನು ಕಂಡವರು ಅವನನ್ನೇ ಮಾಲೀಕ ಎಂದುಕೊಂಡರೆ ತಪ್ಪಿಲ್ಲ. ಆದರೆ ಕಾಗದ ಬಂದದ್ದು ನನ್ನ ಹೆಸರಿಗೆ. ಬರುವ ಬುಧವಾರ ಲೇಬರ್ ಇನ್ಸ್‌ಪೆಕ್ಟರು ಬರುತ್ತಾರೆ. ಹಾಜರಿ, ಸಂಬಳ, ರಜೆಗಳ ಪುಸ್ತಕವನ್ನು ಮಾಲೀಕನು ತೋರಿಸತಕ್ಕದ್ದು. ತಪ್ಪಿದಲ್ಲಿ ಮೊಕದ್ದಮೆ ಹೂಡಲಾಗುವುದು. ಅದನ್ನು ಓದಿದ ಮೇಲೆ ನನಗೆ ಎರಡು ದಿನ ಊಟ ಸೇರಲಿಲ್ಲ.

ನಗೆಪಾಟಲಿನ ವಿಷಯವೆಂದರೆ, ಭದ್ರಾವತಿಯ ಕಂಟ್ರಾಕ್ಟರುಗಳಿಗೆಲ್ಲ ಹಾಜರಿ ಪುಸ್ತಕ ಅಚ್ಚು ಹಾಕಿ ಕೊಡುತ್ತಿದ್ದವನು ನಾನೇ. ಗೆರೆ ನೆಟ್ಟಗಿದೆಯೇ ಎಂದು ನೋಡಿದ್ದೆನೇ ಹೊರತು ಅದರಲ್ಲಿ ಏನು ಬರೆಯುತ್ತಾರೆ ಎಂದು ಕೇಳಿದವನಲ್ಲ. ರೈಲು ಹತ್ತಿ ಭದ್ರಾವತಿಗೆ ಹೋದೆ. ಅಲ್ಲಿ ಒಂದು ಕಾರ್ಖಾನೆಯ ಹಾಜರಿ ಬರೆಯುವ ಟೈಂ ಆಫೀಸಿನಲ್ಲಿ ಗುಮಾಸ್ತನಾಗಿದ್ದ ಶಾಮಣ್ಣ ನನ್ನ ಶಾಲೆಯ ಗೆಳೆಯ. ಹಾಜರಾದರೆ ಯಾವ ಗುರುತು, ಗೈರಾದರೆ ಯಾವುದು, ವಾರದ ರಜೆಗೆ ಯಾವ ಕಾಲಂ ಎಂದೆಲ್ಲ ಅರ್ಧ ಗಂಟೆ ವಿವರಿಸಿದ. ಹೆದರಿದವನ ತಲೆಗೆ ಏನು ಹೋಗುತ್ತದೆ? ಸ್ಟೇಷನ್ನಿನ ತನಕ ಬಂದು ಕೊನೆಗೆ ಒಂದು ಮಾತು ಹೇಳಿದ.

"ಇವತ್ತಿಂದ ಬರಿ. ಹಿಂದಿಂದು ಇಲ್ಲ ಅಂತ ಒಪ್ಪಿಕೋ ಮಾರಾಯ. ಬುದ್ಧಿ ಉಪಯೋಗಿಸೋಕೆ ಮಾತ್ರ ಹೋಗ್ಬೇಡ."

ನಾನು ಬುದ್ಧಿ ಉಪಯೋಗಿಸಿದೆ. ಭಾನುವಾರ ಮಧ್ಯಾಹ್ನ ನಮ್ಮದೇ ಅಚ್ಚಿನ ಪುಸ್ತಕ ತೆಗೆದುಕೊಂಡು, ಕಳೆದ ಒಂದು ವರ್ಷದ ಹಾಜರಿಯನ್ನು ಒಂದೇ ಸಲಕ್ಕೆ ಕೂತು ತುಂಬಿದೆ. ಗೈರು ಎಂದು ಬರೆದರೆ ಸಂಬಳ ಮುರಿದುಕೊಳ್ಳಬೇಕಾದೀತು. ಯಾರ ಸಂಬಳವನ್ನೂ ನಾನು ಎಂದೂ ಮುರಿದುಕೊಂಡವನಲ್ಲ. ಹಾಗಾಗಿ ಆರೂ ಜನರಿಗೆ ಎಲ್ಲ ದಿನವೂ ಹಾಜರಿ ಹಾಕಿದೆ. ಸಾಲುಗಳು ನಾಟಿಯಾದ ಗದ್ದೆಯ ಹಾಗೆ ಕಾಣುತ್ತಿದ್ದವು. ನಾನೊಬ್ಬನೇ ಕೂತು ಬರೆದ ಆ ಭಾನುವಾರದಂದೂ ಆರೂ ಜನ ಹಾಜರಿದ್ದರು. ಹೆಂಡತಿ ಬಂದು ನೋಡಿ, ಅಕ್ಷರ ಚೆನ್ನಾಗಿದೆ ಎಂದಳು.

ಬುಧವಾರ ಇನ್ಸ್‌ಪೆಕ್ಟರು ಬಂದರು. ತೆಳ್ಳಗಿನ, ಸಮಾಧಾನದ ಮನುಷ್ಯ. ಕೂಗಾಡುವವರಾಗಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಕಾಫಿ ಬೇಡ ಎಂದರು. ಅಲ್ಲಿಗೇ ನನ್ನ ಅರ್ಧ ಜೀವ ಹೋಯಿತು. ಪುಟ ತಿರುವುತ್ತಾ ಹೋಗಿ ರಜೆಯ ಕಾಲಮ್ಮಿನ ಮೇಲೆ ಬೆರಳಿಟ್ಟರು. ವರ್ಷವಿಡೀ ಖಾಲಿ. ಯುಗಾದಿಯಿಲ್ಲ, ದೀಪಾವಳಿಯಿಲ್ಲ. ಕೆಲಸಗಾರರನ್ನು ಇಷ್ಟು ನಿರ್ದಯವಾಗಿ ದುಡಿಸುವ ಮಾಲೀಕನನ್ನು ತಾವು ಈ ಜಿಲ್ಲೆಯಲ್ಲೇ ಕಂಡಿಲ್ಲ, ಇದು ಕೋರ್ಟಿಗೆ ಹೋಗುವ ವಿಷಯ ಎಂದರು. ಆಮೇಲೆ ರುದ್ರಪ್ಪನ ಕಡೆ ತಿರುಗಿ, ಇವರು ನಿಮಗೆ ರಜೆಯನ್ನೇ ಕೊಡುವುದಿಲ್ಲವೇ ಎಂದು ಕೇಳಿದರು.

ಕೊಡುವುದಿಲ್ಲ ಎಂದರೆ ನಾನು ಕಟುಕ. ಕೊಡುತ್ತಾರೆ ಎಂದರೆ ಪುಸ್ತಕ ಸುಳ್ಳು. ಎರಡಕ್ಕೂ ಕೋರ್ಟೇ. ರುದ್ರಪ್ಪ ನಿಧಾನವಾಗಿ ಕೈಯ ಮಸಿ ಒರೆಸಿಕೊಂಡ.

"ಕೊಡಲ್ಲ ಅಂತ ಹೆಂಗೆ ಹೇಳ್ಲಿ ಸ್ವಾಮಿ? ಆಯನೂರಲ್ಲಿ ನನ್ನ ಮಗಳ ಮದುವೆಗೆ ಪ್ರೆಸ್ಸಿಗೇ ಮೂರು ದಿನ ಬೀಗ ಹಾಕಿದ್ರು. ಪಾಯಸ ಬಡಿಸಿದ್ದೇ ಇವರು. ಬಡಿಸೋದೂ ಇವರಿಗೆ ಬರಲ್ಲ, ಪುಸ್ತಕ ಬರಿಯೋದೂ ಬರಲ್ಲ."

ಆ ಮದುವೆಯ ಕರೆಯೋಲೆ ನಮ್ಮದೇ ಅಚ್ಚು; ಗೋಡೆಯ ಮೇಲೆ ಅಂಟಿಸಿತ್ತು. ಇನ್ಸ್‌ಪೆಕ್ಟರು ಅದರ ತಾರೀಖು ನೋಡಿಕೊಂಡು ಪುಸ್ತಕ ತೆರೆದರು. ಧಾರೆಯ ದಿನ ವಧುವಿನ ತಂದೆ ಬೆಳಗಿನಿಂದ ಸಂಜೆಯವರೆಗೆ ಅಚ್ಚುಕೂಟದಲ್ಲಿ ಹಾಜರಿದ್ದ. ಅವರು ಮೊದಲ ಸಲ ನಕ್ಕರು. ನಾನು ಎಲ್ಲವನ್ನೂ ಒಪ್ಪಿಕೊಂಡೆ. ಅವರು ಆ ಪುಸ್ತಕಕ್ಕೆ ಅಡ್ಡಗೆರೆ ಎಳೆದು, ಎಚ್ಚರಿಕೆ ಬರೆದು, ಹೊಸದನ್ನು ಇವತ್ತೇ ಶುರುಮಾಡಿ, ಆದರೆ ನೀವು ಬರೆಯಬೇಡಿ, ರುದ್ರಪ್ಪನವರು ಬರೆಯಲಿ ಎಂದರು. ಹೊರಡುವ ಮುಂಚೆ ಕಾಫಿಯನ್ನೂ ಕುಡಿದರು.

ತಿಂಗಳ ಕೊನೆಗೆ ರುದ್ರಪ್ಪ ಪುಸ್ತಕವನ್ನು ಸಹಿಗೆ ತಂದಿಟ್ಟ. ಆರು ಹೆಸರುಗಳ ಮುಂದೆ ಹಾಜರಿ, ಗೈರು, ರಜೆ ಎಲ್ಲ ಲಕ್ಷಣವಾಗಿತ್ತು. ಏಳನೆಯದು ನನ್ನ ಹೆಸರು. ಎಂಟು ದಿನ ತಡ, ಐದು ದಿನ ಗೈರು. ಇದು ಕೆಲಸಗಾರರ ಪುಸ್ತಕ, ಮಾಲೀಕನನ್ನು ಇದರಲ್ಲಿ ಬರೆಯಬೇಕಾಗಿಲ್ಲ ಎಂದು ತಿಳಿಸಿ ಹೇಳಿದೆ.

"ಇಲ್ಲಿಗೆ ಬರೋರ್ನೆಲ್ಲ ಬರಿ ಅಂದಿದಾರೆ ಸಾಹೇಬ್ರು," ಎಂದ ರುದ್ರಪ್ಪ. "ನೀವೂ ಆಗಾಗ ಬರ್ತೀರಲ್ಲ."

ನಾನು ಸಹಿ ಹಾಕಿದೆ.